ಗಂಟೆಯ ಬುಡದಲ್ಲೇ ಗಾಡಿ ಹಚ್ಚುವ ಹಟ

ಪಣಜಿಯ ಇಮ್ಯಾಕ್ಯುಲೇಟ್ ಕನ್ಸೆಪ್ಷನ್ ಚರ್ಚನ್ನು ಹುಡುಕಲು ಯಾರನ್ನೂ ಕೇಳಬೇಕಾಗಿಲ್ಲ. ಊರ ನಡುವಿನ ಮುನ್ಸಿಪಲ್ ಗಾರ್ಡನ್ ಹತ್ತಿರ ಬಂದು ತಲೆ ಎತ್ತಿದರೆ ಸಾಕು. ಹಾಲಿನಂಥ ಬಿಳಿ ಗೋಡೆ, ಅತ್ತಿಂದಿತ್ತ ಮುರಿದುಕೊಂಡು ಇಳಿಯುವ ಮೆಟ್ಟಿಲುಗಳು, ನೆತ್ತಿಯ ಕಮಾನಿನೊಳಗೆ ತೂಗುವ ಗಂಟೆ. ಗೋವಾಕ್ಕೆ ಹೋಗದವರೂ ಸಿನಿಮಾದಲ್ಲಿ ನೋಡಿರುತ್ತಾರೆ. ಇಷ್ಟು ಎದ್ದು ಕಾಣುವ ಕಟ್ಟಡದ ಸುತ್ತ ನಾನು ಒಂದಿಡೀ ಸಂಜೆ ಕಾರು ತಿರುಗಿಸಿದೆ. ಅದರ ಬುಡ ಮುಟ್ಟಲು ಆಗಲಿಲ್ಲ. ದಾರಿ ತಪ್ಪಿತ್ತು ಎಂದು ಬಹಳ ದಿನ ಹೇಳಿಕೊಂಡು ತಿರುಗಿದೆ. ದಾರಿ ಎಲ್ಲೂ ತಪ್ಪಿರಲಿಲ್ಲ.

ಹೋಗಿದ್ದು ಮಾವನವರಿಗಾಗಿ. ಅವರು ಧಾರವಾಡದಲ್ಲಿ ಹೈಸ್ಕೂಲಿಗೆ ಇತಿಹಾಸ ಕಲಿಸಿ ನಿವೃತ್ತರಾದವರು. ಗೋವಾದಲ್ಲಿ ಅವರಿಗೆ ಬೀಚು ಬೇಡ, ಫೆಣಿಯಂತೂ ಬೇಡವೇ ಬೇಡ. ಈ ಚರ್ಚಿನ ಗಂಟೆಯನ್ನು ನೋಡಬೇಕಿತ್ತು, ಅದು ಬಾರಿಸುವಾಗ ಕೇಳಲೂಬೇಕಿತ್ತು. ಮೊಣಕಾಲು ನೋವು, ಹೆಚ್ಚು ನಡೆಯುವಂತಿಲ್ಲ. "ನೀವು ಚಿಂತಿ ಮಾಡಬ್ಯಾಡ್ರಿ ಮಾವಾರ, ಗಂಟಿ ಬುಡಕ್ಕನ ಗಾಡಿ ಹಚ್ತೀನಿ" ಎಂದು ಮಾತು ಕೊಟ್ಟೆ. ಮುಂದಿನ ಅವಾಂತರಕ್ಕೆಲ್ಲ ಈ ಮಾತೇ ಮೂಲ.

ಅಳ್ನಾವರ, ರಾಮನಗರ ದಾಟಿ ಅನಮೋಡ ಘಾಟು ಇಳಿಯುವವರೆಗೂ ಮಾವನವರು ಆ ಗಂಟೆಯ ಕಥೆಯನ್ನೇ ಹೇಳುತ್ತಿದ್ದರು. ಅದು ಪಣಜಿಯಲ್ಲಿ ಹುಟ್ಟಿದ ಗಂಟೆಯಲ್ಲ. ಹಳೇ ಗೋವಾದ ಮೊಂತೆ ಸಾಂತೊ ಗುಡ್ಡದ ಮೇಲೆ ಅಗಸ್ತೀನಿಯನ್ ಸಂನ್ಯಾಸಿಗಳು 1602ರಲ್ಲಿ ಕಟ್ಟಿ ಮುಗಿಸಿದ ದೊಡ್ಡ ಚರ್ಚಿನದು. 1835ರಲ್ಲಿ ಪೋರ್ಚುಗೀಸ್ ಸರ್ಕಾರವೇ ಸಂನ್ಯಾಸಿ ಪಂಥಗಳನ್ನು ಹೊರಗೆ ಹಾಕಿತು. ಖಾಲಿಬಿದ್ದ ಕಟ್ಟಡದ ಚಾವಣಿ 1842ರಲ್ಲಿ ಕುಸಿಯಿತು, ಮುಂಭಾಗ 1931ರಲ್ಲಿ ಉರುಳಿತು. ಅಷ್ಟರೊಳಗೆ ಗಂಟೆ ಊರು ಬಿಟ್ಟಾಗಿತ್ತು. ಕೆಲಕಾಲ ಅಗ್ವಾದ ಕೋಟೆಯ ದೀಪಸ್ತಂಭದಲ್ಲಿದ್ದು, 1871ರಲ್ಲಿ ಪಣಜಿಯ ಈ ಚರ್ಚಿಗೆ ಬಂತು. ತೂಕ ಎರಡು ಟನ್ನಿಗೂ ಮಿಗಿಲು. ಗೋವಾದಲ್ಲಿ ಇದಕ್ಕಿಂತ ದೊಡ್ಡದೆಂದರೆ ಸೆ ಕೆಥೆಡ್ರಲಿನ 'ಚಿನ್ನದ ಗಂಟೆ' ಒಂದೇ. ರಾಜಧಾನಿಯೇ ಹಳೇ ಗೋವಾ ಬಿಟ್ಟು 1843ರಲ್ಲಿ ಪಣಜಿಗೆ ಬಂದಿತ್ತಲ್ಲ, ಗಂಟೆಯೂ ಅದರ ಬೆನ್ನು ಹಿಡಿದು ಬಂತು ಎನ್ನಿ. "ನೋಡ್ರಿ, ಅದಕ್ಕೂ ನಿಲ್ಲಾಕ ಜಾಗಾ ಸಿಗಲಿಕ್ಕೆ ಎಷ್ಟು ವರ್ಷ ಹಿಡೀತು" ಎಂದು ಮಾವನವರು ನಕ್ಕರು. ನಾನೂ ನಕ್ಕೆ.

ಹಳೇ ಗೋವಾದಲ್ಲಿ ಎಲ್ಲ ಸುಸೂತ್ರ. ಅಲ್ಲಿ ಊರೇ ಉಳಿದಿಲ್ಲ. ಇಗರ್ಜಿಗಳಿವೆ, ಬಯಲಿದೆ, ಗಾಡಿ ಹಚ್ಚಲು ಬೇಕಾದಷ್ಟು ಜಾಗವಿದೆ. ಅಗಸ್ತೀನಿಯನ್ ಚರ್ಚಿನ ಗೋಪುರದಲ್ಲಿ ಈಗ ಸೀಳಿ ನಿಂತ ಒಂದು ಭಾಗ ಮಾತ್ರ ಇದೆ, ಜಂಬಿಟ್ಟಿಗೆ ಕಲ್ಲಿನದು, ಸುಮಾರು 46 ಮೀಟರು ಎತ್ತರ. ಅದರ ನೆರಳಲ್ಲಿ ಕೂತು ಮಾವನವರು ಜಾರ್ಜಿಯಾದ ರಾಣಿ ಕೆಟೆವಾನಳ ಕಥೆ ಹೇಳಿದರು. 1624ರಲ್ಲಿ ಪರ್ಶಿಯಾದಲ್ಲಿ ಮತ ಬಿಡಲೊಪ್ಪದೆ ಕೊಲೆಯಾದವಳು. ಸಂನ್ಯಾಸಿಗಳು ಅವಳ ಎಲುಬುಗಳನ್ನು ಗುಟ್ಟಾಗಿ ಇಲ್ಲಿಗೆ ತಂದಿದ್ದರಂತೆ. ಅಗೆದಾಗ ಸಿಕ್ಕ ಎಲುಬನ್ನು ಹೈದರಾಬಾದಿನ ಸಿಸಿಎಂಬಿಯ ವಿಜ್ಞಾನಿಗಳು ಡಿಎನ್‌ಎ ಪರೀಕ್ಷೆ ಮಾಡಿದರು. 2021ರಲ್ಲಿ ಭಾರತ ಅದರ ಒಂದು ಭಾಗವನ್ನು ಜಾರ್ಜಿಯಾಕ್ಕೆ ಕೊಟ್ಟಿತು. ನಾನು ಕೈಗಡಿಯಾರ ನೋಡುತ್ತಿದ್ದೆ. ಸಂಜೆಯ ಗಂಟೆಗೆ ಮೊದಲು ಪಣಜಿ ಮುಟ್ಟಬೇಕು.

ನಾನು ನೋಡಬೇಕಾಗಿದ್ದದ್ದು ಕ್ಯಾಲೆಂಡರನ್ನು. ಅಂದು ಡಿಸೆಂಬರ್ 7. ಮಾರನೆಯ ದಿನ, 8ಕ್ಕೆ, ಅದೇ ಚರ್ಚಿನ ವರ್ಷದ ಫೆಸ್ತ. ಗಂಟೆಯ ತೂಕ ಗೊತ್ತಿದ್ದವನಿಗೆ ಅದರ ಹಬ್ಬ ಯಾವತ್ತು ಅಂತ ಗೊತ್ತಿರಲಿಲ್ಲ. ಚರ್ಚಿನ ಮುಂದೆ, ಗಾರ್ಡನ್ನಿನ ಸುತ್ತ ಜಾತ್ರೆಯ ಅಂಗಡಿಗಳು ಎದ್ದಿದ್ದವು: ಪಾತ್ರೆ, ಬಟ್ಟೆ, ಆಟದ ಸಾಮಾನು, ಕಡ್ಲೆಕಾಯಿ, ಖಾಜೆ. ಜನವೋ ಜನ. ಮಾವನವರನ್ನು ಗಾರ್ಡನ್ ಮೂಲೆಯಲ್ಲಿ ಇಳಿಸಿ, "ಐದ ನಿಮಿಷ, ಗಾಡಿ ಹಚ್ಚಿ ಬಂದೆ" ಎಂದೆ.

ಅಲ್ಲೇ ಪೇ ಪಾರ್ಕಿಂಗ್ ಚೀಟಿ ಹರಿಯುವ ಹುಡುಗನೊಬ್ಬ ಗಾಡಿಯ ಕೆಎ 25 ನಂಬರು ನೋಡಿ ಹತ್ತಿರ ಬಂದ. ಮುದ್ದೇಬಿಹಾಳದ ಕಡೆಯವನು. ಗೋವಾದಲ್ಲಿ ಇಂಥ ಕೆಲಸಕ್ಕೆ ನಮ್ಮ ಕಡೆಯ ಹುಡುಗರು ಕಡಿಮೆಯಿಲ್ಲ. "ಸರ್ರ, ಇವತ್ತ ಇಲ್ಲಿ ಸಿಗಂಗಿಲ್ರಿ. ಪಾಟೋದಾಗ ಕದಂಬಾ ಬಸ್ ಸ್ಟ್ಯಾಂಡ್ ಬಾಜೂಕ ಹಚ್ಚಿ, ಹಳ್ಳದ ಪೂಲ್ ದಾಟಿ ನಡಕೊಂತ ಬರ್ರಿ" ಎಂದ. ಎಷ್ಟು ಸ್ಪಷ್ಟ, ಎಷ್ಟು ಸರಿಯಾದ ಮಾತು! ಅದೂ ನಮ್ಮದೇ ಭಾಷೆಯಲ್ಲಿ. ನಾನು ಗಾಜು ಏರಿಸಿದೆ. ಅವನಿಗೆ ಅಲ್ಲಿಂದ ಗಿರಾಕಿಯನ್ನು ದಾಟಿಸುವ ಉಪಾಯ ಇರಬೇಕು ಅಂತ ನನ್ನ ಲೆಕ್ಕ. ತನ್ನ ಚೀಟಿಯ ದುಡ್ಡು ಬಿಟ್ಟು ಬೇರೆ ಕಡೆ ಕಳಿಸುವವನಿಗೆ ಏನು ಲಾಭ ಎಂಬ ಯೋಚನೆ ಆಮೇಲೆ ಬಂತು.

ಮೊಬೈಲಿನ ನಕಾಶೆ ತೆರೆದೆ. ಅದು ಚರ್ಚಿನ ನೆತ್ತಿಗೇ ಗುರುತು ಚುಚ್ಚಿ ಕೂತಿತ್ತು. ಕಾರಿನ ಗಾಲಿ ಎಲ್ಲಿ ನಿಲ್ಲಬಹುದು ಎಂಬುದು ಅದರ ವಿಷಯವಲ್ಲ. ಒಂದು ರಸ್ತೆ ಹಿಡಿದರೆ ಜೂನ್ 18 ರೋಡಿನ ಸಂದಣಿ, ಇನ್ನೊಂದು ಹಿಡಿದರೆ ಆಲ್ತಿನೊ ಗುಡ್ಡದ ಏರು, ತಿರುಗಿಸಿದರೆ ಏಕಮುಖ. ಕೆಳಗೆ ಮಾಂಡೋವಿ ದಂಡೆಗೆ ಇಳಿದರೆ ಕ್ಯಾಸಿನೊ ದೋಣಿಗಳಿಗೆ ಹೊರಟವರ ಸಾಲು. ಪ್ರತಿ ತಿರುವಿನಲ್ಲೂ ಚರ್ಚಿನ ಬಿಳಿ ನೆತ್ತಿ ಮನೆಗಳ ಸಂದಿಯಿಂದ ಇಣುಕುತ್ತಿತ್ತು. ಇನ್ನೇನು ಬಂದೇಬಿಟ್ಟಿತು ಅನ್ನಿಸುವುದು, ಅಷ್ಟರಲ್ಲಿ ರಸ್ತೆ ಬೇರೆ ಕಡೆ ಹೊರಳುವುದು. ಕಾಣುವುದೇ ಕಷ್ಟಕ್ಕೆ ಕಾರಣವಾಯಿತು. ಕಾಣದಿದ್ದರೆ ಎಂದೋ ಸೋತು ಎಲ್ಲಾದರೂ ಗಾಡಿ ಬಿಡುತ್ತಿದ್ದೆ.

ಈ ಚರ್ಚು ಕಾರಿನವರಿಗಾಗಿ ಅಲ್ಲಿ ನಿಂತಿದ್ದಲ್ಲ ಎಂಬುದು ಮಾವನವರ ಕಥೆಯಲ್ಲೇ ಇತ್ತು. 1541ರಲ್ಲಿ ಅಲ್ಲೊಂದು ಸಣ್ಣ ಪ್ರಾರ್ಥನಾಲಯ. 1619ರಲ್ಲಿ ಅದು ದೊಡ್ಡ ಚರ್ಚಾಯಿತು. ಲಿಸ್ಬನ್ನಿಂದ ಬರುವ ಹಡಗುಗಳು ಹಳೇ ಗೋವಾಕ್ಕೆ ಹೋಗುವ ಮುಂಚೆ ಪಣಜಿಯಲ್ಲಿ ನಿಲ್ಲುತ್ತಿದ್ದವು. ತಿಂಗಳುಗಟ್ಟಲೆ ಕಡಲಲ್ಲಿ ಬದುಕಿ ಉಳಿದ ನಾವಿಕರು ಇಳಿದು, ನಡೆದು, ಗುಡ್ಡ ಹತ್ತಿ ಹರಕೆ ಒಪ್ಪಿಸುತ್ತಿದ್ದರು. ಮೆಟ್ಟಿಲು, ಗಂಟೆ ಎಲ್ಲ ಬಂದದ್ದು ಆಮೇಲೆ. ದೂರದಿಂದ ಕಾಣಲಿ, ದೂರಕ್ಕೆ ಕೇಳಲಿ ಅಂತಲೇ ಎತ್ತರಕ್ಕೆ ಏರಿಸಿದ್ದು. ಉಡುಪಿಯ ರಥಬೀದಿಗೆ ಹೋದಾಗ ನಾನೇ ರಾಜಾಂಗಣದ ಹತ್ತಿರ ಗಾಡಿ ಬಿಟ್ಟು ತಕರಾರಿಲ್ಲದೆ ನಡೆಯುತ್ತೇನೆ. ಕೃಷ್ಣನ ಮುಂದೆ ಬಾರದ ಹಟ ಪಣಜಿಯಲ್ಲಿ ಯಾಕೆ ಬಂತು? ಮಾವನವರ ಮೊಣಕಾಲು ಅಂತ ಹೇಳಿಬಿಡುವುದು ಸುಲಭ. ಆದರೆ ಅವರನ್ನು ಆಗಲೇ ಇಳಿಸಿಯಾಗಿತ್ತು. ಆಮೇಲೆ ತಿರುಗಿದ್ದು ನನ್ನ ಮಾತಿನ ಮರ್ಯಾದೆಗೆ ಮಾತ್ರ.

ಕೊನೆಗೆ ಗುಡ್ಡದ ಹಿಂಬದಿಗೆ, ಫೊಂಟೇನ್ಹಾಸ್ ಓಣಿಗಳಿಗೆ ಬಂದು ಬಿದ್ದೆ. ಹಳದಿ, ನೀಲಿ, ಕೆಂಪು ಬಣ್ಣದ ಪೋರ್ಚುಗೀಸ್ ಕಾಲದ ಮನೆಗಳು. ಫೋಟೋ ಹುಚ್ಚಿನವರ ಕಾಟಕ್ಕೆ ಬೇಸತ್ತು ಅಲ್ಲಿಯ ಜನ ಫೋಟೋ ತೆಗೆಯಬೇಡಿ ಅಂತ ಫಲಕ ಹಾಕಿಕೊಂಡಿದ್ದಾರೆ. ಗಾಡಿ ನಿಲ್ಲಿಸಬೇಡಿ ಎಂದೂ ಒಂದು ಗೇಟಿನ ಮೇಲೆ ಬರೆದಿತ್ತು. ಓದಿದೆ. ಓದಿಯೂ ಅಲ್ಲೇ ಹಚ್ಚಿದೆ. ಹಬ್ಬದ ಸಂಜೆ, ಮನೆಯಲ್ಲಿ ಯಾರೂ ಇರಲಿಕ್ಕಿಲ್ಲ ಅಂದುಕೊಂಡೆ.

ಅಲ್ಲಿಂದ ಚರ್ಚಿಗೆ ನಡೆದು ಹೋಗಲು ಹಿಡಿದ ಹೊತ್ತು ಎಷ್ಟು ಕಡಿಮೆಯೆಂದರೆ ನಾಚಿಕೆಯಾಯಿತು. ದಾರಿಯಲ್ಲಿ ಮಾವನವರಿಗೆ ಫೋನು ಹಚ್ಚಿದೆ. ಎತ್ತಲಿಲ್ಲ. ಎತ್ತುವುದೆಲ್ಲಿಂದ, ಅವರ ಫೋನು ನನ್ನ ಕಾರಿನಲ್ಲೇ ಚಾರ್ಜಿಗೆ ಹಾಕಿತ್ತು. ಗಾರ್ಡನ್ ಮೂಲೆಯಲ್ಲಿ ಅವರಿಲ್ಲ. ಮೆಟ್ಟಿಲ ಬುಡದಲ್ಲಿಲ್ಲ. ಅಂಗಡಿ ಸಾಲಿನಲ್ಲಿ ಬಿಳಿ ತಲೆಗಳನ್ನೆಲ್ಲ ಹಿಂದಿನಿಂದ ಹಿಡಿದು ನೋಡುತ್ತ ಹೋದೆ. ಹೆಂಡತಿಗೆ ಏನು ಹೇಳಲಿ ಎಂದು ಕೈಕಾಲು ತಣ್ಣಗಾಯಿತು. ಕಡೆಗೆ ಸಿಕ್ಕರು. ಅದೇ ಮುದ್ದೇಬಿಹಾಳದ ಹುಡುಗ ತನ್ನ ಪ್ಲಾಸ್ಟಿಕ್ ಕುರ್ಚಿ ಬಿಟ್ಟುಕೊಟ್ಟಿದ್ದ. ಮಾವನವರು ಚಹ ಕುಡಿಯುತ್ತ ಅವನಿಗೆ ರಾಣಿ ಕೆಟೆವಾನಳ ಕಥೆ ಹೇಳುತ್ತಿದ್ದರು.

"ಬಾಳ ಚಲೋ ಇತ್ರಿ ಗಂಟೀ ಆವಾಜು. ಎದಿಯೊಳಗ ಬಂದಂಗಾತು" ಎಂದರು. ಗಂಟೆ ಆಗಲೇ ಬಾರಿಸಿಯಾಗಿತ್ತು. ನಾನಾಗ ಗಾಜು ಏರಿಸಿಕೊಂಡು, ಎಸಿ ಹಾಕಿಕೊಂಡು, ಬಲಕ್ಕೆ ತಿರುಗಿ ಎಂದು ಹೇಳುವ ಮೊಬೈಲಿನ ಹೆಣ್ಣುದನಿ ಕೇಳುತ್ತ ಆಲ್ತಿನೊದ ಯಾವುದೋ ಓಣಿಯಲ್ಲಿದ್ದೆ. ಎರಡು ಟನ್ನಿನ ಗಂಟೆ ನನ್ನ ತಲೆಯ ಮೇಲೇ ಬಾರಿಸಿದ್ದರೂ ಕೇಳಿರಲಿಲ್ಲ.

"ನಿಮಗೂ ಕೇಳಿಸಿರಬೇಕಲ್ಲ?"

"ಕೇಳಿಸ್ತು ಮಾವಾರ, ಗಾಡ್ಯಾಗಿಂದನ."

ಅವರನ್ನು ಮೆಲ್ಲಗೆ ನಡೆಸಿಕೊಂಡು ಫೊಂಟೇನ್ಹಾಸ್‌ಗೆ ಬಂದರೆ ಗೇಟಿನ ಒಳಗೆ ವಯಸ್ಸಾದ ಹೆಂಗಸೊಬ್ಬರು ರೇಷ್ಮೆಯ ಉಡುಪು ಹಾಕಿಕೊಂಡು, ಸ್ಕೂಟರಿನ ಪಕ್ಕ ನಿಂತಿದ್ದರು. ಹಬ್ಬದ ಹಿಂದಿನ ಸಂಜೆಯ ಪ್ರಾರ್ಥನೆಗೆ ಅದೇ ಚರ್ಚಿಗೆ ಹೊರಟವರು. ನನ್ನ ಕಾರಿನಿಂದಾಗಿ ಸ್ಕೂಟರು ಹೊರಗೆ ತರಲಾಗದೆ, ಅವರ ಕಾಲಿಗೂ ನೋವಂತೆ, ನಡೆಯಲಾಗದೆ ನಿಂತಿದ್ದರು. ಬಯ್ದಿದ್ದರೆ ಚೆನ್ನಾಗಿತ್ತು. ಗೇಟಿನ ಫಲಕ ತೋರಿಸಿ, ಓದಲು ಬರುತ್ತದೆಯೇ ಎಂದು ಹಿಂದಿಯಲ್ಲಿ ಕೇಳಿದರು. ಬರುತ್ತದೆ ಎಂದೆ. ಇನ್ನೇನು ಹೇಳಲಿ? ಮಾವನವರು ಕೈಮುಗಿದರು. ಎಪ್ಪತ್ತು ದಾಟಿದ ಮನುಷ್ಯ ನನ್ನ ಪರವಾಗಿ ಕೈಮುಗಿದದ್ದು ನನಗೆ ಯಾವ ದಂಡಕ್ಕಿಂತಲೂ ದುಬಾರಿಯಾಯಿತು. ಚರ್ಚಿಗೆ ನಾನೇ ಬಿಡುತ್ತೇನೆ ಎಂದೆ. ಆ ಕಾರಿನಲ್ಲಿ ತಾನು ಕೂರುವುದಿಲ್ಲ ಎಂದು ಅವರು ಸ್ಕೂಟರು ಏರಿ ಹೊರಟರು.

ಮುಂದಿನ ಸಲ ಮಾವನವರು ಕದಂಬಾ ಬಸ್ಸಿಗೇ ಟಿಕೆಟ್ ತೆಗೆಸಿದರು. ಪಾಟೋದಲ್ಲಿ ಇಳಿದು, ಔರೆಂ ಹಳ್ಳದ ಪೂಲು ದಾಟಿ, ಫೊಂಟೇನ್ಹಾಸ್‌ನಲ್ಲಿ ಸಂತ ಸೆಬಾಸ್ಟಿಯನ್ ಚಾಪೆಲಿನ ಕಣ್ಣು ತೆರೆದ ಯೇಸುವನ್ನು ನೋಡಿ, ಅಲ್ಲಲ್ಲಿ ಕೂತು ಎದ್ದು ಚರ್ಚಿಗೆ ಬಂದೆವು. ಮೊಣಕಾಲು ತಡೆಯಿತು. ಕಾರಿನಲ್ಲಿ ಹೋಗುವವರೂ ಹೀಗೇ ಮಾಡಬಹುದು: ಪಾಟೋದಲ್ಲಿ ಗಾಡಿ ಬಿಡಿ, ನಡೆಯಲಾಗದವರನ್ನು ಆಟೋದಲ್ಲಿ ಕಳಿಸಿ, ಡಿಸೆಂಬರ್ ಮೊದಲ ವಾರವಾದರೆ ಫೆಸ್ತದ ತಾರೀಕು ನೋಡಿಕೊಳ್ಳಿ. ಚೀಟಿ ಹರಿಯುವ ಹುಡುಗ ಏನಾದರೂ ಹೇಳಿದರೆ ಗಾಜು ಇಳಿಸಿ ಕೇಳಿ.

ಮೊದಲ ಸಲ ಊರಿಗೆ ಬಂದ ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಗಂಟೆ ಹೇಗಿತ್ತು ಅಂತ ಕೇಳಿದಳು. ಬಹಳ ಗಂಭೀರ, ಎದೆಯೊಳಗೇ ಬಂದಂತಾಯಿತು ಎಂದೆ. ಮಾವನವರು ನನ್ನನ್ನೊಮ್ಮೆ ನೋಡಿ, "ಹೌದು, ಗಾಡಿಯೊಳಗ ಕೂತವರಿಗೆ ಇನ್ನೂ ಚಲೋ ಕೇಳಸ್ತದ" ಎಂದು ಮಗಳ ಕೈಯಿಂದ ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.