ಮಗ್ಗದ ಮನೆಯ ಆದಾಯ

‘ತೆರಿಗೆ’ ಎಂಬ ಮೂರಕ್ಷರದ ಶಬ್ದ ಕೇಳಿದೊಡನೆ ಸಿರಿವಂತನು ಲೆಕ್ಕಿಗನನ್ನು ಕರೆಯುತ್ತಾನೆ. ಬಡವನು ‘ಅದು ನಮಗಲ್ಲ’ ಎಂದು ನಿಶ್ಚಿಂತನಾಗುತ್ತಾನೆ. ಇವರಿಬ್ಬರ ನಡುವೆ ಹೊಸದಾಗಿ ಬಂದು ನಿಂತವರ ಪಾಡೇನು? ಅಂಥವರಲ್ಲಿ ನಾನೂ ಒಬ್ಬಳು.

ನಮ್ಮದು ಇಳಕಲ್ಲಿನ ನೇಕಾರರ ಮನೆ. ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಕುಣಿಕೆ ಹಾಕಿ ಜೋಡಿಸುವ ಕೌಶಲ ನಮ್ಮವ್ವನ ಬೆರಳುಗಳಲ್ಲಿದೆ. ಹಿಂದೆ ನೇಯ್ದ ಸೀರೆ ಸಾವುಕಾರನ ಗಾದಿಗೆ ಹೋಗುತ್ತಿತ್ತು. ಈಗ ಅವ್ವನ ಸೀರೆಗಳನ್ನೂ ನೆರೆಯ ಮೂರು ಮಗ್ಗಗಳ ಸೀರೆಗಳನ್ನೂ ನಾನು ಮೊಬೈಲಿನಲ್ಲಿ ಚಿತ್ರ ತೆಗೆದು ಆನ್‌ಲೈನ್‌ನಲ್ಲಿ ಮಾರುತ್ತೇನೆ. ಬಾಗಲಕೋಟೆ, ಬಾದಾಮಿ, ಹುನಗುಂದಗಳಿಂದಲೂ ಬೇಡಿಕೆ ಬರುತ್ತದೆ.

2025-26ರಲ್ಲಿ ನನ್ನ ಬ್ಯಾಂಕು ಖಾತೆಗೆ ಬಂದದ್ದು 3,60,000 ರೂಪಾಯಿ. ಅಂಕೆ ಕಂಡು ಅಪ್ಪ ಬೆವತ. “ಯಾರ ಕೇಳ್ಯಾರ ನಿನ್ನ? ಸುಮ್ಮನ ಕುಂದರು. ಅವ್ವನ ಎರಡು ಸಾವಿರ ನಿಂತರ ಏನ ಮಾಡ್ತಿ?” ಎಂದ. ಅವನ ಭಯ ಹುರುಳಿಲ್ಲದ್ದಲ್ಲ. ಮನೆಯ ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಕಟ್ಟುವವರಾದರೆ ಗೃಹಲಕ್ಷ್ಮಿಯ ಹಣ ಸಿಗದು. 2024ರ ನವೆಂಬರಿನಲ್ಲಿ ಬಿಪಿಎಲ್ ಚೀಟಿಗಳ ರದ್ದತಿಯ ಗದ್ದಲ ನಡೆದಾಗ ಸರಕಾರವೇ ಹಿಂದೆ ಸರಿದು, ತೆರಿಗೆ ಕಟ್ಟುವವರನ್ನೂ ಸರಕಾರಿ ನೌಕರರನ್ನೂ ಬಿಟ್ಟು ಉಳಿದವರ ಚೀಟಿ ಮರಳಿಸುವುದಾಗಿ ಹೇಳಬೇಕಾಯಿತು.

ಆದರೆ ವಿವರ ಸಲ್ಲಿಸುವುದು ಬೇರೆ, ತೆರಿಗೆ ತೆರುವುದು ಬೇರೆ. ಮಾರಾಟ ಬೇರೆ, ಆದಾಯ ಬೇರೆ. ನೂಲು, ನೆರೆಯವರ ಸೀರೆಯ ಬೆಲೆ, ಅಂಚೆವೆಚ್ಚ, ಕಮಿಶನ್ ಕಳೆದರೆ ಉಳಿದದ್ದು 72,000. ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಇಲ್ಲ. ಸಣ್ಣ ವ್ಯಾಪಾರಿಗೆ 1961ರ ಕಾಯಿದೆಯ 44ಎಡಿ ಕಲಮು ಇನ್ನೊಂದು ಅನುಕೂಲ ಮಾಡಿದೆ: ಬ್ಯಾಂಕಿನ ಮೂಲಕ ಬಂದ ಹಣದಲ್ಲಿ ನೂರಕ್ಕೆ 6ನ್ನು ಲಾಭವೆಂದು ತೋರಿಸಿದರೆ ಪುಸ್ತಕ ಇಡಬೇಕಾಗಿಲ್ಲ, ಹೆಚ್ಚು ಗಳಿಸಿದ್ದರೆ ಹೆಚ್ಚು ತೋರಿಸಬೇಕು. ನೂರಕ್ಕೆ 6ರಂತೆ 21,600 ಎಂದು ಬರೆದರೂ ನನ್ನ ತೆರಿಗೆ ಸೊನ್ನೆ. 72,000 ಎಂದು ಬರೆದರೂ ಸೊನ್ನೆ. ನಾನು ಬರೆದದ್ದು 72,000.

ಕಡ್ಡಾಯವಿಲ್ಲದ ವಿವರವನ್ನೇಕೆ ಸಲ್ಲಿಸಬೇಕೆಂದು ಗೆಳತಿಯರು ಕೇಳಿದರು. ಎರಡನೆಯ ಮಗ್ಗಕ್ಕೆ ಸಾಲ ಬೇಕು. ಸಾಲ ಕೇಳಿದರೆ ಬ್ಯಾಂಕು ಆದಾಯದ ಪುರಾವೆ ಕೇಳುತ್ತದೆ. ಅದು ವ್ಯವಹಾರದ ಮಾತಾಯಿತು. ಇನ್ನೊಂದು ಮಾತೂ ಇದೆ. ನನ್ನ ಶಾಲೆಯ ಬಿಸಿಯೂಟ, ವಿದ್ಯಾರ್ಥಿವೇತನ, ಈ ಸರಕಾರಿ ಕಾಲೇಜಿನ ಕಡಿಮೆ ಶುಲ್ಕ ಇವೆಲ್ಲ ಯಾರೋ ತೆತ್ತ ತೆರಿಗೆಯಿಂದ ಬಂದವು. ಇದುವರೆಗೆ ನಮ್ಮ ಮನೆತನದ ಹೆಸರು ಸರಕಾರದ ಕಾಗದದಲ್ಲಿ ಬೇಡುವವರ ಸಾಲಿನಲ್ಲಿಯೇ ಇತ್ತು. ದುಡಿದು ಗಳಿಸಿದವರ ಸಾಲಿನಲ್ಲಿ ಈ ವರ್ಷ ಮೊದಲ ಬಾರಿಗೆ ಬಂದಿದೆ.

ಒಂದೇ ಕೊರತೆ. ಆ 72,000ದಲ್ಲಿ ಅವ್ವನ ಕೂಲಿಯೂ ಅಡಗಿದೆ. ಅದನ್ನು ಬೇರೆಯಾಗಿ ಬರೆಯುವ ಅಂಕಣ ನನಗೆ ಆ ನಮೂನೆಯಲ್ಲಿ ಕಾಣಲಿಲ್ಲ. ಬರುವ ವರ್ಷದಿಂದ ಪ್ರತಿ ಸೀರೆಗೂ ಆಕೆಯ ಕೂಲಿಯನ್ನು ಆಕೆಯ ಖಾತೆಗೇ ಹಾಕುವೆ. ಲಾಭ ಕಡಿಮೆ ಕಂಡೀತು. ಲೆಕ್ಕ ಮಾತ್ರ ಸರಿಯಾದೀತು.