ಪಿಕಪ್ಪಿನ ಮುಂಗಾಲು

“ಅಣ್ಣಾ, ಮುಂದ್ಗಡೆ ಬಾಲ್ ಜಾಯಿಂಟ್ ಹೋಗಿದೆ, ಚೇಂಜ್ ಮಾಡ್ಬಿಡಿ.” ಪಿಕಪ್ಪಿನವರು ಗ್ಯಾರೇಜಿನಲ್ಲಿ ಮಾತು ಶುರು ಮಾಡುವುದೇ ಹೀಗೆ. ಸದ್ದು ಬರುವುದು ಖಾಲಿ ಗಾಡಿಯಲ್ಲೋ ಲೋಡಿನಲ್ಲೋ, ಬ್ರೇಕ್ ಹಿಡಿದಾಗಲೋ ಸ್ಟೇರಿಂಗ್ ತಿರುಗಿಸಿದಾಗಲೋ ಎಂಬುದನ್ನು ಯಾರೂ ತಾವಾಗಿ ಹೇಳುವುದಿಲ್ಲ. ಕಿವಿಗೆ ಬಿದ್ದದ್ದನ್ನು ತಕ್ಷಣ ಒಂದು ಬಿಡಿಭಾಗಕ್ಕೆ ಗಂಟುಹಾಕಿಬಿಡುತ್ತಾರೆ. ಕಟಕಟ ಅಂದರೆ ಲಿಂಕ್ ರಾಡು, ಡಬ್ ಅಂದರೆ ಲೋವರ್ ಆರ್ಮಿನ ಬುಷ್, ಕಿರ್ರ್ ಅಂದರೆ ಬಾಲ್ ಜಾಯಿಂಟ್. ಇಂಥ ಪಟ್ಟಿಯೊಂದು ಡ್ರೈವರುಗಳ ಬಾಯಲ್ಲೂ ಬಿಡಿಭಾಗದ ಅಂಗಡಿಗಳಲ್ಲೂ ಓಡಾಡುತ್ತಲೇ ಇರುತ್ತದೆ. ನನಗೆ ಈ ಪಟ್ಟಿಯ ಮೇಲೆ ನಂಬಿಕೆ ಇಲ್ಲ. ಮುಂದಿನ ಸಸ್ಪೆನ್ಷನ್ನಿನ ಸದ್ದನ್ನು ಹುಡುಕುವಾಗ ‘ಎಂಥ ಸದ್ದು’ ಎಂದು ಕೇಳುವುದಕ್ಕಿಂತ ‘ಯಾವಾಗ ಸದ್ದು’ ಎಂದು ಕೇಳಬೇಕು, ಕಿವಿಯನ್ನು ಆದಷ್ಟು ಕಡಿಮೆ ನಂಬಬೇಕು ಎಂಬುದು ನನ್ನ ವಾದ. ಹಿಂದೊಮ್ಮೆ ಕಿವಿಯೊಂದೇ ಸಾಕಾಗುತ್ತಿತ್ತು, ನಿಜ. ಈಗ ಸಾಲದಾಗಿದೆ.

ಯಾಕೆ ಸಾಲದು ಎಂಬುದಕ್ಕೆ ಕೀಲುಗಳ ಚರಿತ್ರೆಯನ್ನೇ ನೋಡಬೇಕು. ಎತ್ತಿನ ಗಾಡಿಯ ಕೆಳಗೆ ಕೀಲೆಣ್ಣೆಯ ಕೊಳವೆ ನೇತಾಡುತ್ತಿದ್ದ ಕಾಲದಲ್ಲಿ ಅಚ್ಚು ಕಿರುಗುಟ್ಟಿತೆಂದರೆ ಎಣ್ಣೆ ಒಣಗಿದೆ ಎಂದೇ ಅರ್ಥ. ಮರವೂ ಕಬ್ಬಿಣವೂ ಅಷ್ಟು ಹೊತ್ತಿಗೆ ಇನ್ನೂ ಗಟ್ಟಿಯಾಗಿಯೇ ಇರುತ್ತಿದ್ದವು. ಎಣ್ಣೆ ಹಾಕಿದರೆ ಗಾಡಿ ಸುಮ್ಮನಾಗುತ್ತಿತ್ತು. 1804ರಲ್ಲಿ ಇಂಗ್ಲೆಂಡಿನ ಒಬಡಾಯ ಎಲಿಯಟ್ ಎಂಬಾತ ಕುದುರೆಗಾಡಿಗೆಂದು ಎಲಿಪ್ಟಿಕ್ ಸ್ಪ್ರಿಂಗಿನ ಪೇಟೆಂಟ್ ಪಡೆದ. ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ ಸ್ಪ್ರಿಂಗುಗಳು ಮುಂದೆ ಮೋಟಾರು ಗಾಡಿಗಳಿಗೂ ಬಂದವು. ಆ ಪಟ್ಟಿಗಳು ಒಂದನ್ನೊಂದು ಉಜ್ಜುತ್ತವೆ, ಉಜ್ಜುವಾಗ ಕೂಗುತ್ತವೆ. ಹಾಗೆ ಉಜ್ಜಿಕೊಳ್ಳುವುದರಿಂದಲೇ ಗಾಡಿಯ ಕುಣಿತವೂ ಒಂದಿಷ್ಟು ತಗ್ಗುತ್ತಿತ್ತು. 1925ರ ಏಪ್ರಿಲ್‌ನಲ್ಲಿ ಫೋರ್ಡ್ ಕಂಪನಿ ಮಾಡೆಲ್ ಟಿ ಕಾರಿನ ಹಿಂದೆ ಡಬ್ಬದಂಥ ಬಾಡಿ ಕೂರಿಸಿ, ಪಿಕಪ್ ಎಂಬ ಹೆಸರಿನಲ್ಲೇ 281 ಡಾಲರಿಗೆ ಮಾರಿತು. ಆ ಗಾಡಿಯ ಮುಂದೆ ಇದ್ದದ್ದು ಅಡ್ಡಕ್ಕೆ ಕೂತ ಒಂದು ಲೀಫ್ ಸ್ಪ್ರಿಂಗು. ಶಾಕ್ ಅಬ್ಸಾರ್ಬರನ್ನು ಕಾರ್ಖಾನೆ ಕೊಡುತ್ತಲೇ ಇರಲಿಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಶಿಕಾಗೋದ ಆರ್ಥರ್ ಗುಲ್ಬೋರ್ಗ್ ಒತ್ತಡದಲ್ಲಿ ಗ್ರೀಸ್ ತುಂಬುವ ಅಲೆಮೈಟ್ ವ್ಯವಸ್ಥೆಯನ್ನು ತಂದ. 1929ರಲ್ಲಿ ಆಸ್ಕರ್ ಜರ್ಕ್‌ಗೆ ಇವತ್ತಿನ ಗ್ರೀಸ್ ನಿಪ್ಪಲ್ಲಿನ ಪೇಟೆಂಟ್ ಸಿಕ್ಕಿತು. 1940ರ ದಶಕದ ಕೊನೆಗೆ ಮಹೀಂದ್ರ ಕಂಪನಿ ಬೊಂಬಾಯಿಯಲ್ಲಿ ಜೋಡಿಸತೊಡಗಿದ ವಿಲ್ಲಿಸ್ ಜೀಪಿನಲ್ಲಿ ಸ್ಪ್ರಿಂಗನ್ನು ಚಾಸಿಗೆ ತೂಗುಹಾಕುವ ಶ್ಯಾಕಲ್ಲುಗಳಲ್ಲೂ ಇಂಥ ನಿಪ್ಪಲ್ಲುಗಳಿದ್ದವು. ನಮ್ಮ ಊರುಗಳ ವಾಟರ್ ಸರ್ವಿಸಿನವರು ಗಾಡಿ ತೊಳೆದ ಮೇಲೆ ಗ್ರೀಸ್ ಗನ್ ಹಿಡಿದು ಕೆಳಗೆ ನುಗ್ಗುತ್ತಿದ್ದದ್ದು ಈ ನಿಪ್ಪಲ್ಲುಗಳನ್ನು ಹುಡುಕಿಕೊಂಡೇ. ಇಷ್ಟೂ ಕಾಲ ಗಾಡಿಯ ಕೂಗು ಎಂದರೆ ಮುಂಚಿತವಾಗಿ ಬಂದ ಎಚ್ಚರಿಕೆ ಎಂದೇ ಲೆಕ್ಕ.

ಆಮೇಲೆ ರಬ್ಬರ್ ಬಂತು. 1934ರಲ್ಲಿ ಜನರಲ್ ಮೋಟಾರ್ಸ್ ತನ್ನ ಕಾರುಗಳ ಮುಂದಿನ ಎರಡು ಚಕ್ರಗಳಿಗೂ ಬೇರೆ ಬೇರೆ ಕಾಲು ಕೊಟ್ಟು, ಅದಕ್ಕೆ ‘ನೀ ಆ್ಯಕ್ಷನ್’ ಎಂದು ಮೊಣಕಾಲಿನ ಹೆಸರಿಟ್ಟಿತು. 1950ರ ದಶಕದಲ್ಲಿ, ಸ್ಟೇರಿಂಗಿಗೆ ಚಕ್ರ ಹೊರಳುವ ಕೀಲಾಗಿದ್ದ ಕಿಂಗ್ ಪಿನ್ನಿನ ಜಾಗಕ್ಕೆ ಬಾಲ್ ಜಾಯಿಂಟ್ ಬರತೊಡಗಿತು, ಮೆಲ್ಲಮೆಲ್ಲನೆ ಅದರ ಗ್ರೀಸ್ ನಿಪ್ಪಲ್ಲೂ ಮಾಯವಾಯಿತು. ಆರ್ಮುಗಳ ಬುಡದಲ್ಲಿ ಉಕ್ಕಿಗೆ ಬೆಸೆದ ರಬ್ಬರ್ ಬುಷ್ ಕೂತಿತು. ಈ ಬುಷ್ಷಿನ ಜಾಣತನವಿರುವುದು ಅದು ಜಾರದೆ ಇರುವುದರಲ್ಲಿ. ಆರ್ಮ್ ಮೇಲೆ ಕೆಳಗೆ ಆಡುವಾಗ ರಬ್ಬರ್ ತನ್ನೊಳಗೇ ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಉಜ್ಜಾಟವಿಲ್ಲ, ಆದ್ದರಿಂದ ಗ್ರೀಸೂ ಬೇಡ, ಸದ್ದೂ ಇಲ್ಲ. ಆದರೆ ಒಳಗಿನ ಬಿರುಕು ದೊಡ್ಡದಾಗುವಾಗಲೂ ಸದ್ದಿರುವುದಿಲ್ಲ. ರಬ್ಬರ್ ಹರಿದು, ಕಬ್ಬಿಣಕ್ಕೆ ಕಬ್ಬಿಣ ತಾಗಿದ ದಿನ ಡಬ್ ಎನ್ನುತ್ತದೆ. ಮೊಹರು ಹಾಕಿದ ಬಾಲ್ ಜಾಯಿಂಟಿನ ಹಣೆಬರಹವೂ ಬಹುಮಟ್ಟಿಗೆ ಇದೇ. ಅದರ ರಬ್ಬರ್ ಟೋಪಿ ಹರಿಯುತ್ತದೆ, ನೀರು ಮಣ್ಣು ಒಳಗೆ ಹೋಗುತ್ತದೆ, ಗುಂಡು ಸವೆಯುತ್ತದೆ, ಆಮೇಲೆ ಮಾತು. ಹಾಗಾಗಿ ಇವತ್ತಿನ ಪಿಕಪ್ಪಿನ ಸದ್ದು ಸೋಮಾರಿ ಅಳಿಯನಂತೆ, ಕೆಲಸವೆಲ್ಲ ಮುಗಿದ ಮೇಲೆ ಬರುತ್ತದೆ.

ಹಾಗಾದರೆ ಗ್ರೀಸಿನ ಕಾಲವೇ ಚೆನ್ನಾಗಿತ್ತು ಅನ್ನುತ್ತೀರಾ ಎಂದು ಯಾರಾದರೂ ಕೇಳಬಹುದು. ಖಂಡಿತ ಇಲ್ಲ. ಗ್ರೀಸ್ ಬೇಡುವ ಕೀಲು ಬಾಳುವುದು ಗ್ರೀಸ್ ಹೊಡೆಯುವವರ ಕೈಯಲ್ಲಿ ಮಾತ್ರ. ಬಾಡಿಗೆಯ ಒತ್ತಡದಲ್ಲಿ ಮರೆತ ನಿಪ್ಪಲ್ಲಿಗಿಂತ ಮೊಹರು ಹಾಕಿದ ಕೀಲು ಎಷ್ಟೋ ವಾಸಿ. ನಾನು ಹೇಳುತ್ತಿರುವುದು ಇಷ್ಟೇ: ಯಂತ್ರ ಬದಲಾಗಿದೆ, ಕೇಳುವ ರೀತಿ ಬದಲಾಗಿಲ್ಲ. ಕೂಗಿದ ಕಡೆ ಎಣ್ಣೆ ಬಿಡುವ ಹಳೆಯ ಚಾಳಿಯೇ ಈಗ ಕೂಗಿದ ಕಡೆ ಹೊಸ ಪಾರ್ಟ್ ಹಾಕುವ ಚಾಳಿಯಾಗಿದೆ.

ಕೂಗಿದ್ದು ಎಲ್ಲಿಂದ ಎಂದು ತಿಳಿಯುವುದೂ ಸುಲಭವಲ್ಲ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಉಕ್ಕಿನಲ್ಲಿ ಅದು 5,000 ಮೀಟರಿನ ಆಚೀಚೆ. ಎಲ್ಲೋ ಬಿದ್ದ ಏಟು ಚಾಸಿಯ ಉದ್ದಕ್ಕೂ ಓಡಿ ಕ್ಯಾಬಿನ್ನಿನ ತಗಡಿನ ನೆಲವನ್ನು ಬಡಿಯುತ್ತದೆ, ಡ್ರೈವರಿಗೆ ಕೇಳಿಸುವುದು ಆ ತಗಡಿನ ದನಿ. ಎಡಗಡೆಯ ಕೀಲಿನ ಸದ್ದು ಬಲಗಾಲಿನ ಬುಡದಲ್ಲಿ ಕೇಳಿಸುವುದು, ಕ್ಯಾಬಿನ್ ಮೌಂಟಿನ ಸಡಿಲ ಬೋಲ್ಟು ಶಾಕ್ ಅಬ್ಸಾರ್ಬರಿನಂತೆ ನಟಿಸುವುದು ಇದರಿಂದಲೇ. ಪಿಕಪ್ಪಿನಲ್ಲಿ ಇನ್ನೊಂದು ತೊಡಕಿದೆ. ಬಾನೆಟ್ ಮುಂದಕ್ಕೆ ಚಾಚಿದ ಗಾಡಿಗಳಲ್ಲಿ ಲೋಡಿನ ಭಾರ ಹೆಚ್ಚಾಗಿ ಹಿಂದಿನ ಆಕ್ಸಲ್ ಮೇಲೆ ಬೀಳುತ್ತದೆ, ಮುಂದಿನ ಭಾರದಲ್ಲಿ ಅಂಥ ವ್ಯತ್ಯಾಸವಾಗುವುದಿಲ್ಲ. ಮುಂದಿನದ್ದೆಂದುಕೊಂಡ ಸದ್ದು ಲೋಡ್ ಹಾಕಿದ ಕೂಡಲೇ ಮಾಯವಾದರೆ ಹಿಂದಿನ ಲೀಫ್ ಸ್ಪ್ರಿಂಗು, ಅದರ ಶ್ಯಾಕಲ್ ಪಿನ್ನುಗಳನ್ನೂ ಒಮ್ಮೆ ನೋಡುವುದು ಒಳ್ಳೆಯದು. ‘ಹಳೆಯ ಮೇಸ್ತ್ರಿಗಳು ಕಿವಿಯಲ್ಲೇ ಹೇಳಿಬಿಡುತ್ತಾರಲ್ಲ?’ ಹೇಳುತ್ತಾರೆ, ಆದರೆ ಕಿವಿಯೊಂದರಿಂದಲೇ ಅಲ್ಲ. ಪಕ್ಕದಲ್ಲಿ ಕೂತು “ಇಲ್ಲಿ ಸ್ವಲ್ಪ ಬ್ರೇಕ್ ಹಿಡಿ, ಎಡಕ್ಕೆ ಎಳಿ, ಈಗ ಗುಂಡೀಲಿ ಒಂದೇ ಚಕ್ರ ಇಳಿಸು” ಎನ್ನುತ್ತಲೇ ಅವರು ಪರೀಕ್ಷೆ ನಡೆಸಿರುತ್ತಾರೆ. ನಾವು ಅದನ್ನು ಕಿವಿಯ ಪವಾಡ ಎಂದುಕೊಳ್ಳುತ್ತೇವೆ.

ಆ ಪರೀಕ್ಷೆಗಳನ್ನು ನೋಡಿದರೆ ‘ಯಾವಾಗ’ ಎಂಬ ಪ್ರಶ್ನೆಯ ಬಲ ತಿಳಿಯುತ್ತದೆ. ರಸ್ತೆಯ ಅಡ್ಡಕ್ಕಿರುವ ಹಂಪಿನ ಮೇಲೆ ಎರಡೂ ಚಕ್ರ ಒಟ್ಟಿಗೆ ಏರಿದಾಗ ಎಡಬಲವನ್ನು ಜೋಡಿಸುವ ಆ್ಯಂಟಿ ರೋಲ್ ಬಾರ್ ತಿರುಚಿಕೊಳ್ಳುವುದಿಲ್ಲ, ಸುಮ್ಮನೆ ತನ್ನ ಬುಷ್ಷುಗಳಲ್ಲಿ ಹೊರಳುತ್ತದೆ. ಬಾರಿನ ತುದಿಯನ್ನು ಆರ್ಮಿಗೆ ಸೇರಿಸುವ ಲಿಂಕ್ ರಾಡಿನ ಮೇಲೆ ಭಾರವಿರುವುದಿಲ್ಲ. ಒಂದು ಚಕ್ರ ಮಾತ್ರ ಗುಂಡಿಗಿಳಿದರೆ ಬಾರ್ ತಿರುಚುತ್ತದೆ, ಲಿಂಕ್ ಎಳೆಯುತ್ತದೆ. ಹಂಪಿನಲ್ಲಿ ಸುಮ್ಮನಿದ್ದು, ಅಲ್ಲೊಂದು ಇಲ್ಲೊಂದು ಗುಂಡಿಯ ಹಾದಿಯಲ್ಲಿ ಕಟಕಟಿಸುವ ಗಾಡಿಯ ದೋಷ ಬಾರಿನ ಕಡೆ ಇರುವ ಸಾಧ್ಯತೆಯೇ ಹೆಚ್ಚು; ಎರಡರಲ್ಲೂ ಒಂದೇ ಸಮ ಬಡಿದರೆ ಆರ್ಮು, ಶಾಕ್ ಅಬ್ಸಾರ್ಬರಿನ ಕಡೆ ತಿರುಗಬೇಕು. ಅನುಮಾನ ಉಳಿದರೆ ಎರಡೂ ಲಿಂಕ್ ಬಿಚ್ಚಿಟ್ಟು ನಿಧಾನಕ್ಕೆ ಒಂದು ಸುತ್ತು ಹೊಡೆಸಿ ನೋಡಬಹುದು. ಗಡಗಡ ರಸ್ತೆಯಲ್ಲಿ ಬ್ರೇಕನ್ನು ಮೆಲ್ಲಗೆ ಒತ್ತಿದಾಗ ಸದ್ದು ನಿಂತರೆ ಅದು ಸಸ್ಪೆನ್ಷನ್ನೇ ಅಲ್ಲದಿರಬಹುದು, ಕ್ಯಾಲಿಪರಿನಲ್ಲಿ ಕುಣಿಯುತ್ತಿರುವ ಬ್ರೇಕ್ ಪ್ಯಾಡ್ ಇರಬಹುದು. ಮುಂದೆ ಹೋಗಿ ಬ್ರೇಕ್ ಹಿಡಿದಾಗ ಒಮ್ಮೆ, ರಿವರ್ಸ್ ಬಂದು ಹಿಡಿದಾಗ ಇನ್ನೊಮ್ಮೆ ಡಬ್ ಎಂದರೆ ಆರ್ಮ್ ಹಿಂದೆ ಮುಂದೆ ಜರುಗುತ್ತಿದೆಯೇ ಎಂದು ಸಲಾಕೆ ಹಾಕಿ ಮೀಟಿ ನೋಡಬೇಕು. ನಿಂತ ಗಾಡಿಯಲ್ಲಿ ಸ್ಟೇರಿಂಗ್ ತಿರುಗಿಸಿದಾಗ ಕಿರ್ರ್ ಎನ್ನುವುದಕ್ಕೆ ಕೈಯೇ ಒಳ್ಳೆಯ ಸಾಧನ. ಒಬ್ಬರು ತಿರುಗಿಸುತ್ತಿದ್ದರೆ ಇನ್ನೊಬ್ಬರು ಕೀಲುಗಳ ಮೇಲೆ ಬೆರಳಿಟ್ಟು ನೋಡಬೇಕು; ದೋಷವಿರುವ ಕೀಲು ಬೆರಳಿಗೆ ನಡುಗುತ್ತದೆ.

ಜಾಕಿನ ವಿಷಯ ಇನ್ನೂ ಸೂಕ್ಷ್ಮ. 2005ರಲ್ಲಿ ಬಂದ ಟಾಟಾ ಏಸ್‌ನಂಥ ಗಾಡಿಗಳ ಮುಂದೆ ಈಗಲೂ ಇಡೀ ಆಕ್ಸಲ್ಲು, ಲೀಫ್ ಸ್ಪ್ರಿಂಗು. ಅಲ್ಲಿ ಆಕ್ಸಲ್ ಎತ್ತಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಕಿಂಗ್ ಪಿನ್ನಿನ ಅಥವಾ ಬೇರಿಂಗಿನ ಪ್ಲೇ, ಅಂದರೆ ಸಡಿಲ, ಗೊತ್ತಾಗುತ್ತದೆ. ಟೊಯೋಟಾ ಹೈಲಕ್ಸ್‌ನಂಥ ಪಿಕಪ್ಪಿನಲ್ಲಿ ಮೇಲೊಂದು ಕೆಳಗೊಂದು ಆರ್ಮ್, ಕೆಳಗಿನ ಆರ್ಮಿನ ಮೇಲೆ ಕಾಯಿಲ್ ಸ್ಪ್ರಿಂಗ್. ಇದನ್ನು ಚಾಸಿಗೆ ಜಾಕ್ ಕೊಟ್ಟು ಎತ್ತಿದರೆ ಸ್ಪ್ರಿಂಗು ಆರ್ಮನ್ನು ಕೆಳಕ್ಕೆ ಅದುಮಿ ಬಾಲ್ ಜಾಯಿಂಟನ್ನು ಬಿಗಿಹಿಡಿಯುತ್ತದೆ. ಸವೆದ ಜಾಯಿಂಟೂ ಹೊಸದರಂತೆ ತೋರುತ್ತದೆ. ಜಾಕನ್ನು ಕೆಳಗಿನ ಆರ್ಮಿಗೇ ಕೊಟ್ಟಾಗ ಜಾಯಿಂಟಿನ ಭಾರ ಇಳಿದು, ಅಡಗಿದ್ದ ಪ್ಲೇ ಹೊರಗೆ ಬರುತ್ತದೆ. ಜಾಯಿಂಟು ಅದೇ, ಸವೆತ ಅಷ್ಟೇ, ಜಾಕಿನ ಜಾಗ ಬದಲಾದರೆ ತೀರ್ಪೂ ಬದಲು.

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವ ಬದಲು ಮುಂದಿನದೆಲ್ಲ ಹೊಸದು ಹಾಕಿಸಿದರೆ ಮುಗಿಯಿತಲ್ಲ, ಒಂದು ದಿನದ ಬಾಡಿಗೆಯಾದರೂ ಉಳಿಯುತ್ತದೆ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಒಂದೇ ವಯಸ್ಸಿನ ಎಡಬಲದ ಬುಷ್ಷುಗಳನ್ನು ಜೊತೆಯಾಗಿ ಬದಲಿಸುವುದು ವಿವೇಕವೇ. ಆದರೆ ಮೂಲ ಕ್ಯಾಬಿನ್ ಮೌಂಟಿನಲ್ಲೋ ಬ್ರೇಕ್ ಪ್ಯಾಡಿನಲ್ಲೋ ಇದ್ದರೆ ದುಡ್ಡೂ ಹೋಯಿತು, ಸದ್ದೂ ಉಳಿಯಿತು. “ಓಡ್ತಾ ಇದೆಯಲ್ಲ, ಓಡ್ಲಿ ಬಿಡಿ” ಎನ್ನುವವರೂ ಇದ್ದಾರೆ. ಲಿಂಕ್ ರಾಡಾದರೆ ಅವರು ಹೇಳುವುದು ಹೆಚ್ಚುಕಡಿಮೆ ಸರಿ, ಸ್ವಲ್ಪ ದಿನ ಕಾಯುತ್ತದೆ. ಬಾಲ್ ಜಾಯಿಂಟ್ ಕಾಯುವುದಿಲ್ಲ. ಕಳಚಿದರೆ ಚಕ್ರವೇ ಮಡಚಿಕೊಳ್ಳುತ್ತದೆ. ಸಣ್ಣ ಸದ್ದು ಸಣ್ಣ ದೋಷ, ದೊಡ್ಡ ಸದ್ದು ದೊಡ್ಡ ದೋಷ ಎಂಬ ಲೆಕ್ಕವೂ ಇಲ್ಲಿ ನಡೆಯುವುದಿಲ್ಲ; ಲಿಂಕ್ ರಾಡಿನ ಗದ್ದಲದ ಮುಂದೆ ಸಾಯುತ್ತಿರುವ ಬಾಲ್ ಜಾಯಿಂಟಿನ ದನಿ ಎಷ್ಟೋ ಸಲ ಕೇಳಿಸುವುದೇ ಇಲ್ಲ.

ರಿಪೇರಿಯಲ್ಲೂ ಹಳೆಯ ಕೀಲೆಣ್ಣೆಯ ಬುದ್ಧಿ ತೊಡರುತ್ತದೆ. ಕಿರುಗುಡುವ ರಬ್ಬರ್ ಬುಷ್ಷಿಗೆ ಡೀಸೆಲನ್ನೋ ಹಳೆ ಆಯಿಲನ್ನೋ ಹೊಡೆದರೆ ಆ ಹೊತ್ತಿಗೆ ಸುಮ್ಮನಾಗಬಹುದು, ಆದರೆ ಖನಿಜ ತೈಲ ಕುಡಿದ ನೈಸರ್ಗಿಕ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಯಾವ ಬುಷ್ ಎಂದು ತಿಳಿಯುವುದಕ್ಕಷ್ಟೇ ಆದರೆ ಸೋಪಿನ ನೀರು ಸಾಕು. ಒಂದೊಂದಕ್ಕೇ ಹಾಕುತ್ತಾ ಬಂದು ಎಲ್ಲಿ ಸದ್ದು ನಿಂತಿತೋ ನೋಡಿಕೊಳ್ಳಬೇಕು. ಹೊಸ ಬುಷ್ ಕೂರಿಸುವಾಗ ಗಾಡಿ ಜಾಕಿನ ಮೇಲಿದ್ದು ಚಕ್ರ ಜೋತುಬಿದ್ದಿರುವಾಗಲೇ ಬೋಲ್ಟನ್ನು ಪೂರ್ತಿ ಬಿಗಿದುಬಿಡುವವರು ಬಹಳ. ಆಗ ರಬ್ಬರ್ ಆ ಜೋತುಬಿದ್ದ ಭಂಗಿಯಲ್ಲೇ ಅಚ್ಚಾಗುತ್ತದೆ. ಗಾಡಿ ಇಳಿಸಿದ ಕ್ಷಣವೇ ತಿರುಚಿಕೊಂಡು, ನಿಂತಾಗಲೂ ಅದೇ ಬಿಗಿಯಲ್ಲಿದ್ದು, ಬೇಗ ಹರಿಯುತ್ತದೆ. ಬೈಗುಳ ಪಾರ್ಟ್ ಮಾಡಿದವರಿಗೆ. ಬೋಲ್ಟನ್ನು ಮೊದಲು ಸಡಿಲವಾಗಿ ಕೂರಿಸಿ, ಗಾಡಿಯನ್ನು ನೆಲಕ್ಕಿಳಿಸಿ, ನಾಲ್ಕು ಸಲ ಅದುಮಿ ಅದರ ಸಹಜ ಎತ್ತರಕ್ಕೆ ಬಿಟ್ಟು, ಆಮೇಲೆ ಕೆಳಗೆ ತೂರಿ ಹೇಳಿದಷ್ಟು ಟಾರ್ಕಿಗೆ ಬಿಗಿಯಬೇಕು.