ಖಾರ ಕಮ್ಮಿ, ಬೇಗ ಕೊಡಿ

ಬೆಂಗಳೂರಿಗೆ ಮಕ್ಕಳನ್ನು ಕಟ್ಟಿಕೊಂಡು ಹೋದರೆ ಏನೇನು ತೋರಿಸಬೇಕು ಎಂದು ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ವಿಶ್ವೇಶ್ವರಯ್ಯ ಮ್ಯೂಸಿಯಂ ಇದೆ, ನೆಹರೂ ತಾರಾಲಯ ಇದೆ, ಕಬ್ಬನ್ ಪಾರ್ಕಿನಲ್ಲಿ ಬಾಲಭವನ ಇದೆ. ಏನೂ ಬೇಡವೆಂದರೆ ಮೆಟ್ರೋ ಹತ್ತಿಸಿ ಇಳಿಸಿದರೂ ಒಂದು ಬೆಳಗು ಕಳೆಯುತ್ತದೆ. ತಲೆ ಕೆಡುವುದು ಹನ್ನೆರಡೂವರೆಗೆ. ಸರಿಯಾಗಿ ಆ ಹೊತ್ತಿಗೇ ಚಿಕ್ಕವನಿಗೆ ಹಸಿವು ನೆತ್ತಿಗೇರುತ್ತದೆ, ದೊಡ್ಡವಳಿಗೆ ಬಾತ್‌ರೂಮಿಗೆ ಅವಸರವಾಗುತ್ತದೆ, ನಮ್ಮ ಯಜಮಾನರು ಮೊಬೈಲ್ ತೆಗೆದು ಸ್ಟಾರ್ ಎಣಿಸಲು ಶುರು ಮಾಡುತ್ತಾರೆ. “ಇದಕ್ಕೆ ನಾಲ್ಕೂವರೆ ಇದೆ ಕಣೇ, ಮಕ್ಕಳಿಗೂ ಚೆನ್ನಾಗಿದೆಯಂತೆ. ಎರಡೇ ಕಿಲೋಮೀಟರ್.” ಬೆಂಗಳೂರಿನ ಎರಡು ಕಿಲೋಮೀಟರ್ ಎಂದರೆ ಎಷ್ಟು ಹೊತ್ತು ಎನ್ನುವುದು ಶಿವಮೊಗ್ಗದವರಾದ ನಮಗೂ ಈಗ ಚೆನ್ನಾಗಿ ಗೊತ್ತು.

ನಮ್ಮಪ್ಪನಿಗೆ ಈ ಗೋಜಲೇ ಇರಲಿಲ್ಲ. ಮದುವೆಗೋ ಆಸ್ಪತ್ರೆಗೋ ಬೆಂಗಳೂರಿಗೆ ಬಂದರೆ ಅವರು ರಸ್ತೆಯಲ್ಲಿ ನಿಂತು ಕತ್ತೆತ್ತಿ ಬೋರ್ಡು ಓದುತ್ತಿದ್ದರು, ಅಷ್ಟೇ. ‘ಫ್ಯಾಮಿಲಿ ರೂಂ ಇದೆ’ ಎಂದು ಬರೆದಿದ್ದರೆ ಒಳಗೆ, ಇಲ್ಲದಿದ್ದರೆ ಮುಂದಕ್ಕೆ. ದೋಸೆ ಹೇಗಿದೆ, ಸಾಂಬಾರ್ ಹೇಗಿದೆ ಎನ್ನುವುದೆಲ್ಲ ಆಮೇಲಿನ ಮಾತು. ಅಮ್ಮ ಮತ್ತು ನಾವು ಮೂವರು ಹೆಣ್ಣುಮಕ್ಕಳು ಅವರ ಹಿಂದೆ ಸಾಲಾಗಿ ನಡೆದು, ಗಲ್ಲಾದ ಮುಂದೆ ಹಾದು, ಕಾಫಿ ಕುಡಿಯುತ್ತಿದ್ದ ಗಂಡಸರ ಟೇಬಲ್ಲುಗಳ ನಡುವೆ ತಲೆ ತಗ್ಗಿಸಿ ಸಾಗಿ, ಕೊನೆಯಲ್ಲಿದ್ದ ಆ ಗೂಡಿನೊಳಗೆ ಸೇರಿಕೊಳ್ಳುತ್ತಿದ್ದೆವು.

ಗೂಡು ಎಂದರೆ ಗೂಡೇ. ಭುಜದೆತ್ತರದ ಪ್ಲೈವುಡ್ ಗೋಡೆ, ಮಾರ್ಬಲ್ ಹಾಸಿನ ಟೇಬಲ್, ನಾಲ್ಕು ಕುರ್ಚಿ, ಗೋಡೆಯಲ್ಲಿ ಒಂದು ಬೆಲ್ ಸ್ವಿಚ್ಚು, ಬಾಗಿಲಿಗೆ ಸ್ಪ್ರಿಂಗ್ ತಂತಿಯಲ್ಲಿ ತೂಗುವ ಹಸಿರು ಪರದೆ. ಆ ಪರದೆ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮೇಲರ್ಧ ಬಿಸಿಲಿಗೆ ಮಾಸಿ ಬಿಳಿಚಿಕೊಂಡಿದ್ದರೆ, ಕೆಳಗೆ, ಕುರ್ಚಿಯ ಮೇಲೆ ಕೂತ ಮಗುವಿನ ಕೈ ಎಟಕುವಷ್ಟು ಎತ್ತರದಲ್ಲಿ ಮಾತ್ರ ಅಂಗೈ ಅಗಲದ ಒಂದು ಪಟ್ಟೆ ಅರಿಶಿನ ಬಣ್ಣಕ್ಕೆ ತಿರುಗಿತ್ತು. ನಮಗಿಂತ ಮುಂಚೆ ಬಂದು ಹೋದ ಎಷ್ಟೋ ಮಕ್ಕಳ ಪಲ್ಯ, ಸಾಂಬಾರ್, ತುಪ್ಪ ಎಲ್ಲವೂ ಅಲ್ಲಿತ್ತು. ನಾನೂ ನನ್ನ ಪಾಲಿನದನ್ನು ಸೇರಿಸಿದ್ದೇನೆ.

ಆ ಪರದೆಯಿಂದ ಒಂದು ಫಜೀತಿಯಿತ್ತು. ಒಳಗಿದ್ದವರು ಹೊರಗಿನವರ ಕಣ್ಣಿಗೆ ಬೀಳುತ್ತಿರಲಿಲ್ಲ, ಸರಿ. ಸಪ್ಲಯರ್ ಕಣ್ಣಿಗೂ ಬೀಳುತ್ತಿರಲಿಲ್ಲ. ಹಾಲ್‌ನಲ್ಲಿ ಕೂತವರು ಒಂದು ಕೈಯೆತ್ತಿದರೆ ಕಾಫಿ ಬರುತ್ತಿತ್ತು. ನಾವು ಬೆಲ್ ಒತ್ತಿ ಒತ್ತಿ ಬೆರಳು ನೋಯಿಸಿಕೊಂಡರೂ ಯಾರೂ ಇಣುಕುತ್ತಿರಲಿಲ್ಲ. ಕೊನೆಗೆ ಅಪ್ಪನೇ ಹೊರಗೆ ಹೋಗಿ ಯಾರನ್ನೋ ಹಿಡಿದುಕೊಂಡು ಬರುತ್ತಿದ್ದರು. ಅಷ್ಟರಲ್ಲಿ ತಂಗಿ ಅತ್ತು, ಮಲಗಿ, ಎದ್ದು ಆಗಿರುತ್ತಿತ್ತು. ಹೆಂಗಸರ ಮರ್ಯಾದೆ ಕಾಯುವುದಕ್ಕೆ ಕಟ್ಟಿದ ಕೋಣೆಯಲ್ಲಿ ಮಕ್ಕಳ ಹೊಟ್ಟೆಯನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮಕ್ಕಳ ಊಟಕ್ಕೆ ಜಾಗ ಹುಡುಕುವ ಸರದಿ ನನಗೆ ಬಂದ ಮೇಲೆ ಈ ಹೋಟೆಲ್ ಬೋರ್ಡುಗಳ ಚರಿತ್ರೆಯೇ ಒಂದು ತಮಾಷೆಯಾಗಿ ಕಾಣತೊಡಗಿದೆ. ಬಾಗಿಲ ಮೇಲಿನ ಬರಹ ಯಾವ ಕಾಲದಲ್ಲೂ ದೊಡ್ಡವರ ಒಂದು ಅಳುಕಿಗೆ ಕೊಟ್ಟ ಉತ್ತರವೇ. ಮೊದಮೊದಲು ಅಳುಕಿದ್ದದ್ದು ಅಡುಗೆ ಮಾಡಿದವರು ಯಾರು ಎನ್ನುವುದರ ಬಗ್ಗೆ. ಇವತ್ತು ನಾವು ಎಂಟಿಆರ್ ಎನ್ನುವ ಹೋಟೆಲನ್ನು ಉಡುಪಿ ಕಡೆಯಿಂದ ಬಂದ ಮಯ್ಯ ಸೋದರರು 1924ರಲ್ಲಿ ಶುರು ಮಾಡಿದಾಗ ಅದರ ಹೆಸರು ಬ್ರಾಹ್ಮಣ ಕಾಫಿ ಕ್ಲಬ್. ಜಾತಿಯ ಹೆಸರು ನೋಡಿಯೇ ಜನ ಧೈರ್ಯವಾಗಿ ಒಳಗೆ ಕಾಲಿಡುತ್ತಿದ್ದ ಕಾಲ. ಅದೇ ಹೆಸರು ನೋಡಿ ಹೊರಗೇ ಉಳಿದವರ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಮುಂದೆ ಅದೇ ಮನೆಯ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪ್ ಸುತ್ತಿ ಬಂದು, ಪಾತ್ರೆ ಪಗಡಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಏರ್ಪಾಡು ತಂದರು. ಗಿರಾಕಿಗಳು ಬೇಕಾದರೆ ಅಡುಗೆಮನೆಗೇ ಹೋಗಿ ನೋಡಬಹುದಿತ್ತು. ಯಾರು ಮಾಡಿದರು ಎನ್ನುವ ಪ್ರಶ್ನೆಯ ಜಾಗಕ್ಕೆ ಎಷ್ಟು ಚೊಕ್ಕಟವಾಗಿ ಮಾಡಿದರು ಎನ್ನುವ ಪ್ರಶ್ನೆ ಬಂತು. ಲಾಲ್‌ಬಾಗ್ ರಸ್ತೆಗೆ ಬಂದು 1960ರಲ್ಲಿ ಮಾವಳ್ಳಿ ಟಿಫಿನ್ ರೂಮ್ಸ್ ಆದಾಗ ಜಾತಿ ಬೋರ್ಡಿನಿಂದ ಇಳಿದು ಬಡಾವಣೆ ಹತ್ತಿತ್ತು.

ಮೂರನೆಯ ಅಳುಕು ಪಕ್ಕದಲ್ಲಿ ಕೂತವರು ಯಾರು ಎನ್ನುವುದು. ಹೋಟೆಲ್ ಎಂದರೆ ಕೋರ್ಟು ಕಚೇರಿಗೆ ಬಂದ ಗಂಡಸರು, ಓದಲು ಬಂದ ಹುಡುಗರು ಕೂರುವ ಜಾಗ. 1943ರಲ್ಲಿ ಗಾಂಧಿಬಜಾರಿನಲ್ಲಿ ತೆರೆದ ಹೋಟೆಲಿಗೆ ವಿದ್ಯಾರ್ಥಿ ಭವನ ಎಂದೇ ಹೆಸರು. ಮನೆಯ ಹೆಂಗಸರಿಗೆ ಸಿಗುತ್ತಿದ್ದದ್ದು ಬಾಳೆಲೆಯಲ್ಲಿ ಸುತ್ತಿ, ಪೇಪರ್ ಹೊದಿಸಿ, ದಾರ ಕಟ್ಟಿದ ಪೊಟ್ಟಣ. ನನ್ನ ಅಜ್ಜಿ ಸಾಯುವ ತನಕ ಹೋಟೆಲ್ ಮೆಟ್ಟಿಲು ಹತ್ತಲಿಲ್ಲ. ಆದರೆ ಸಂಜೆ ಅಜ್ಜ ಬರಿಗೈಯಲ್ಲಿ ಬಂದರೆ ಅವತ್ತು ಮಾತೂ ಆಡುತ್ತಿರಲಿಲ್ಲ. “ನಾನೆಲ್ಲಿ ಹೋಟೆಲ್ ತಿಂಡಿ ತಿಂದೆ? ಮನೇಲಿ ಕೂತು ತಿಂದೆ” ಎನ್ನುವುದು ಅವಳ ವಾದ. ಅಂಥ ಅಜ್ಜಿಯ ಸೊಸೆಯನ್ನು ಹೋಟೆಲಿನೊಳಗೆ ಕೂರಿಸಬೇಕಾದರೆ ನಡುವೆ ಒಂದು ಪರದೆ ಬೇಕೇ ಬೇಕಿತ್ತು. ಆ ಮಟ್ಟಿಗೆ ಆ ಹಸಿರು ಬಟ್ಟೆಗೆ ನಾನು ಋಣಿ. ಮುಂಬಯಿಯ ಇರಾನಿ ಹೋಟೆಲುಗಳಲ್ಲೂ ಇಂಥದೇ ಕೋಣೆಗಳಿದ್ದವು. ಊರು ಯಾವುದಾದರೇನು, ಯಜಮಾನರ ಆತಂಕ ಒಂದೇ.

ಈಗ ಆ ಗೂಡುಗಳು ಹೆಚ್ಚೂಕಮ್ಮಿ ಮಾಯವಾಗಿವೆ. ಹೆಸರು ಮಾತ್ರ ಗಟ್ಟಿ. ನಮ್ಮ ರಾಜ್ಯದ ಯಾವ ಹೆದ್ದಾರಿಯಲ್ಲಿ ಹೋದರೂ ‘ಬಾರ್ ಅಂಡ್ ಫ್ಯಾಮಿಲಿ ರೆಸ್ಟೋರೆಂಟ್’ ಎನ್ನುವ ಬೋರ್ಡು ಕಾಣುತ್ತದೆ. ಓದಲು ಕಲಿತ ಹೊಸದರಲ್ಲಿ ನನ್ನ ಮಗಳು ಅದನ್ನು ಗಟ್ಟಿಯಾಗಿ ಓದಿ, “ಅಮ್ಮಾ, ಫ್ಯಾಮಿಲಿ ಅಂತಿದೆ, ಇಲ್ಲೇ ಹೋಗೋಣ” ಎಂದು ಹಟ ಹಿಡಿದಿದ್ದಳು. ಒಳಗೆ ಫ್ಯಾಮಿಲಿ ಸಮೇತ ಕೂತವರನ್ನು ನಾನಂತೂ ನೋಡಿಲ್ಲ. ಆಮೇಲೆ ಬಂದದ್ದು ಏಸಿ ಹಾಲ್. ಅದೇ ಇಡ್ಲಿ, ಅದೇ ಸಾಂಬಾರ್, ಮಹಡಿ ಹತ್ತಿದರೆ ಬೆಲೆ ಜಾಸ್ತಿ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಏಸಿ ಇಲ್ಲದ ಹೋಟೆಲಿಗೆ ಶೇ. 12, ಏಸಿ ಇದ್ದರೆ ಶೇ. 18 ತೆರಿಗೆ. ಅಪ್ಪ ಆಗ ಮೊಮ್ಮಕ್ಕಳನ್ನು ಏಸಿ ಇಲ್ಲದ ಹೋಟೆಲಿನಲ್ಲೇ ಕೂರಿಸಿ ವಾರಪತ್ರಿಕೆಯಿಂದ ಗಾಳಿ ಹಾಕುತ್ತಿದ್ದರು. ನವೆಂಬರ್‌ನಲ್ಲಿ ಎರಡಕ್ಕೂ ಶೇ. 5 ಎಂದಾದ ಮೇಲೂ ಅವರಿಗೆ ನಂಬಿಕೆ ಬರಲಿಲ್ಲ.

ಇತ್ತೀಚಿನದು ಮಕ್ಕಳಿಗೆಂದೇ ಕಟ್ಟಿದಂತೆ ಕಾಣುವ ಮಾಲ್ ರೆಸ್ಟೋರೆಂಟುಗಳು. ನಾಲ್ಕೂವರೆ ಸ್ಟಾರಿನವು. ಅಂಥದೊಂದಕ್ಕೆ ಹೋದೆವು. ಪಾಪುವಿಗೆ ಎತ್ತರದ ಕುರ್ಚಿ ಕೊಟ್ಟರು, ಬಣ್ಣದ ಕಡ್ಡಿ ಕೊಟ್ಟರು, ಬಣ್ಣ ತುಂಬಲು ಡೈನೋಸಾರ್ ಚಿತ್ರದ ಹಾಳೆ ಕೊಟ್ಟರು, ಮಕ್ಕಳದೇ ಬೇರೆ ಮೆನು ಕೊಟ್ಟರು. ಅನ್ನ ಒಂದನ್ನು ಬಿಟ್ಟು ಎಲ್ಲ ಕೊಟ್ಟರು. ಡೈನೋಸಾರ್ ಹಸಿರಾಯಿತು, ಕೆಂಪಾಯಿತು, ಆಮೇಲೆ ಕಪ್ಪಾಯಿತು. ಚಿಕ್ಕವನು ಬಣ್ಣದ ಕಡ್ಡಿಯನ್ನೇ ಬಾಯಿಗಿಡುವ ಹೊತ್ತಿಗೆ ಪಾಸ್ತಾ ಬಂತು. ಅದರ ಮೇಲೆ ಕೆಂಪು ಮೆಣಸಿನ ಚೂರು ಉದುರಿಸಿದ್ದರು. ಕುರ್ಚಿಗೆ ಬೆಲ್ಟ್ ಹಾಕಿದ್ದರಿಂದ ಅವನಿಗೆ ಓಡಲೂ ಆಗಲಿಲ್ಲ. ನನಗೆ ತಟ್ಟನೆ ಫ್ಯಾಮಿಲಿ ರೂಮಿನ ಬೆಲ್ ಸ್ವಿಚ್ಚು ನೆನಪಾಯಿತು.

ಹಸಿದ ಮಗು ಕುರ್ಚಿ ಕೇಳುವುದಿಲ್ಲ, ಬೇಗ ಕೊಡಿ ಎನ್ನುತ್ತದೆ. ಹಾಗೆ ನೋಡಿದರೆ ಬೆಂಗಳೂರಿನಲ್ಲಿ ಮಕ್ಕಳಿಗೆ ಹೇಳಿ ಮಾಡಿಸಿದ ಹೋಟೆಲ್ ಎಂದರೆ ಕೂರಲು ಕುರ್ಚಿಯೇ ಇಲ್ಲದ ದರ್ಶಿನಿ. ಆರ್. ಪ್ರಭಾಕರ್ ಅವರ ಯೋಚನೆಯಂತೆ 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದಾಗ ಅವರ ಮನಸ್ಸಿನಲ್ಲಿ ಅವಸರದ ಆಫೀಸಿನವರು ಇದ್ದಿರಬೇಕು, ಮಕ್ಕಳಲ್ಲ. ದುಡ್ಡು ಕೊಡು, ಟೋಕನ್ ತಗೋ, ಕೌಂಟರಿನಲ್ಲಿ ಇಡು, ನಿಂತು ತಿನ್ನು. ದುಂಡನೆಯ ಸ್ಟೀಲ್ ಟೇಬಲ್ಲಿನ ಕೆಳಗೆ ಮಗು ನಿಂತರೆ ಅದಕ್ಕೆ ಕಾಣುವುದು ಟೇಬಲ್ಲಿನ ಹೊಟ್ಟೆ ಮಾತ್ರ. ಆದರೆ ಎರಡು ನಿಮಿಷದಲ್ಲಿ ಇಡ್ಲಿ ಕೈಗೆ ಬಂದಿರುತ್ತದೆ. ನಮ್ಮವರು ಕಟ್ಟೆಯ ಮೇಲೋ ನಿಲ್ಲಿಸಿದ ಸ್ಕೂಟರಿನ ಸೀಟಿನ ಮೇಲೋ ಅವನನ್ನು ಕೂರಿಸುತ್ತಾರೆ. ಅಡುಗೆಮನೆ ಕಣ್ಣೆದುರಿಗೇ ತೆರೆದುಕೊಂಡಿರುತ್ತದೆ: ಕಾದ ಕಲ್ಲಿನ ಮೇಲೆ ನೀರು ಚಿಮುಕಿಸಿ, ಪೊರಕೆಯಲ್ಲಿ ಸರಕ್ಕನೆ ಗುಡಿಸಿ, ಹಿಟ್ಟು ಹೊಯ್ದು, ಬಟ್ಟಲಿನ ತಳದಿಂದ ಸುತ್ತಿ ಸುತ್ತಿ ಅಗಲ ಮಾಡುವುದು. ಬಾಯಿ ತೆರೆದುಕೊಂಡು ಅದನ್ನೇ ನೋಡುವ ಮಗುವಿನ ಬಾಯಿಗೆ ಇಡ್ಲಿ ಇಡುವುದು ಎಷ್ಟು ಸಲೀಸು ಎನ್ನುವುದು ತಾಯಂದಿರಿಗೇ ಗೊತ್ತು. ಚೆಲ್ಲಿದರೆ ಒರೆಸಿಕೊಂಡು ಹೋಗುವ ಕ್ಲೀನರ್ ಇದ್ದಾನೆ. ಕಿರುಚಿದರೆ ಮಿಕ್ಸಿ, ಪಾತ್ರೆ, ಬಸ್ಸಿನ ಹಾರನ್ನುಗಳ ನಡುವೆ ಯಾರಿಗೂ ಕೇಳುವುದಿಲ್ಲ. ಶಂಕರಪುರದಲ್ಲಿ 1965ರಿಂದ ನಡೆಯುತ್ತಿರುವ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಸಾಂಬಾರಿನ ರಗಳೆಯೂ ಇಲ್ಲ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಚಟ್ನಿ. ಆಯ್ಕೆ ಕಮ್ಮಿಯಾದಷ್ಟೂ ಮಕ್ಕಳ ಜಗಳ ಕಮ್ಮಿ.

ಬೇಗ ಬಾರದಿದ್ದರೂ ನೋಡಲು ಏನಾದರೂ ಇದ್ದರೆ ಮಕ್ಕಳು ತಡೆದುಕೊಳ್ಳುತ್ತಾರೆ. ವಿದ್ಯಾರ್ಥಿ ಭವನದಲ್ಲಿ ಭಾನುವಾರ ಕಾಯುವುದು ತಪ್ಪದು. ಆದರೆ ಪಂಚೆ ಕಟ್ಟಿದ ಸಪ್ಲಯರ್ ಅಂಗೈಯಿಂದ ಭುಜದವರೆಗೆ ದೋಸೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಜನರ ನಡುವೆ ನುಸುಳಿ ಬರುವುದನ್ನು ನೋಡಿ ನನ್ನ ಮಗ ಅಳುವುದನ್ನು ಅರ್ಧಕ್ಕೇ ನಿಲ್ಲಿಸಿದ್ದ. “ಬೀಳುತ್ತೆ, ಈಗ ಬೀಳುತ್ತೆ” ಎಂದು ಕಾದ. ಬೀಳಲಿಲ್ಲ. ಸ್ವಲ್ಪ ಬೇಜಾರಾದಂತೆ ಕಂಡಿತು. ಎಂಟಿಆರ್ ಊಟ ಮಾತ್ರ ಚಿಕ್ಕಮಕ್ಕಳಿಗಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಒಂದಾದ ಮೇಲೊಂದು ಬರುತ್ತಲೇ ಇರುತ್ತದೆ. ಕೊನೆಯ ಐಸ್‌ಕ್ರೀಂ ಬರುವ ಹೊತ್ತಿಗೆ ಮಗು ಅಪ್ಪನ ತೊಡೆಯ ಮೇಲೆ ಗೊರಕೆ ಹೊಡೆಯುತ್ತಿರುತ್ತದೆ. ಬೆಳಗಿನ ತಿಂಡಿ ವಾಸಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ರವೆ ಇಡ್ಲಿ ಹುಟ್ಟಿದ್ದು ತಮ್ಮಲ್ಲೇ ಎಂದು ಅವರು ಹೇಳುತ್ತಾರೆ. ಯುದ್ಧ, ಬರ ಯಾವುದೂ ನನ್ನ ಮಗಳಿಗೆ ಬೇಕಿಲ್ಲ. ಅವಳು ಇಡ್ಲಿಯ ನೆತ್ತಿಯಿಂದ ಗೋಡಂಬಿ ಕಿತ್ತುಕೊಂಡು ಉಳಿದದ್ದನ್ನು ನನ್ನ ತಟ್ಟೆಗೆ ದೂಡುತ್ತಾಳೆ.

ಓಡಾಡಲು ಜಾಗವಿದ್ದರೂ ಮಕ್ಕಳು ತಡೆದುಕೊಳ್ಳುತ್ತಾರೆ. ಉಡುಪಿ ಕಡೆಯವರೇ ಆದ ಕೆ. ಕೃಷ್ಣರಾಯರು ಮದ್ರಾಸಿನಲ್ಲಿ 1962ರಲ್ಲಿ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ತೆರೆದಿದ್ದರು. ಮರಗಳ ನಡುವೆ ಕಾರು ನಿಲ್ಲಿಸಿದರೆ ತಿಂಡಿ ಕಾರಿನ ಕಿಟಕಿಗೇ ಬರುತ್ತಿತ್ತು. ಮಕ್ಕಳಿಗೆ ಓಡಾಡಲು ಜಾಗ, ದೊಡ್ಡವರಿಗೆ ಕಾಫಿ. 2008ರಲ್ಲಿ ಅದನ್ನು ಮುಚ್ಚಿ ಸರ್ಕಾರ ಆ ಜಾಗದಲ್ಲಿ ಸೆಮ್ಮೊಳಿ ಪೂಂಗಾ ಎನ್ನುವ ಉದ್ಯಾನ ಮಾಡಿತು. ಈಗ ಮಕ್ಕಳು ಓಡಾಡಬಹುದು, ಆ ದೋಸೆ ಇಲ್ಲ.

ಯಾವ ಬೋರ್ಡಿನಲ್ಲೂ ಬರೆಯದ ವಿಷಯ ಕೈ ತೊಳೆಯುವ ಬೇಸಿನ್. ನಾನೀಗ ಹೊಸ ಹೋಟೆಲಿಗೆ ಹೋದರೆ ಮೊದಲು ನೋಡುವುದೇ ಅದನ್ನು. ನೂರಕ್ಕೆ ತೊಂಬತ್ತು ಕಡೆ ಅದು ಆರಡಿ ಗಂಡಸಿನ ಅಳತೆಗೆ ಇರುತ್ತದೆ. ಎಡಗೈಯಲ್ಲಿ ಮಗುವನ್ನು ಸೊಂಟಕ್ಕೆತ್ತಿ, ಮೊಣಕಾಲನ್ನು ಗೋಡೆಗೆ ಊರಿ, ಬಲಗೈಯಲ್ಲಿ ನಲ್ಲಿ ತಿರುಗಿಸಿ, ಅವನ ಅಂಗೈ ಉಜ್ಜುವಾಗ ನೀರು ಮೊಣಕೈಯಿಂದ ಇಳಿದು ನನ್ನ ಸೀರೆಯ ನೆರಿಗೆಗೆ ಬರುತ್ತದೆ. ಕೆಳಗೊಂದು ಮಣೆ ಇಟ್ಟಿದ್ದರೆ ಸಾಕು. ಮಣೆ ಇಟ್ಟ ಹೋಟೆಲನ್ನು ಕಂಡರೆ ಅಲ್ಲಿ ದೋಸೆ ಸೀದಿದ್ದರೂ ನಾನು ಸ್ಟಾರ್ ಕೊಟ್ಟೇನು.

ಕೊನೆಗೂ ಮಕ್ಕಳ ಊಟ ನಿಂತಿರುವುದು ಸಪ್ಲಯರ್ ಮೇಲೆ. ಹಿಂದೆ ಈ ಕೆಲಸಕ್ಕೆ ಕುಂದಾಪುರ, ಉಡುಪಿ ಕಡೆಯ ಹುಡುಗರು ಬರುತ್ತಿದ್ದರು. ಈಗ ಅಸ್ಸಾಂ, ಒಡಿಶಾ, ಬಿಹಾರದವರೂ ಇದ್ದಾರೆ. ಚಾಮರಾಜಪೇಟೆಯ ಒಂದು ಸಣ್ಣ ಹೋಟೆಲಿನಲ್ಲಿ “ಖಾರ ಕಮ್ಮಿ” ಎನ್ನುವಷ್ಟು ಕನ್ನಡ ಕಲಿತಿದ್ದ ಹುಡುಗನೊಬ್ಬ ನಾನು ಬಾಯಿ ತೆರೆಯುವ ಮೊದಲೇ ಖಾಲಿ ದೋಸೆಯ ಪಕ್ಕಕ್ಕೆ ಒಂದು ಚಮಚ ಸಕ್ಕರೆ ಹಾಕಿ ತಂದಿಟ್ಟ. ವಡೆಯನ್ನು ಎರಡು ಚಮಚ ಹಿಡಿದು ನಾಲ್ಕು ಚೂರು ಮಾಡಿ, ಹಬೆ ಹೋಗಲಿ ಎಂದು ಬಿಡಿಬಿಡಿಯಾಗಿ ಹರವಿದ. “ನಿಮಗೆ ಮಕ್ಕಳಿದ್ದಾರಾ?” ಎಂದು ನಮ್ಮವರು ಹಿಂದಿಯಲ್ಲಿ ಕೇಳಿದರು. ಎರಡು ಬೆರಳು ತೋರಿಸಿ ನಕ್ಕ. ಊರಿಗೆ ಹೋಗುವುದು ಛಠ್ ಹಬ್ಬಕ್ಕಂತೆ.

ಮೊನ್ನೆಯ ಪ್ರಯಾಣದಲ್ಲಿ ಹೋಟೆಲ್ ಹುಡುಕುವ ಜವಾಬ್ದಾರಿಯನ್ನು ಮಕ್ಕಳೇ ವಹಿಸಿಕೊಂಡಿದ್ದರು. ಅಪ್ಪ ಮೊಬೈಲ್ ತೆಗೆಯುವ ಮೊದಲೇ ಚಿಕ್ಕವನು ದರ್ಶಿನಿಯೊಂದರ ಮುಂದೆ ಕಾಲು ಊರಿ ನಿಂತುಬಿಟ್ಟ. ಇಡ್ಲಿ ಮುಗಿಸಿ, ನನ್ನ ಕೇಸರಿಬಾತಿಗೂ ಕೈ ಹಾಕಿ, ಅದು ಮುಗಿದದ್ದೇ ತಡ ಕೌಂಟರಿಗೆ ಓಡಿ ತುದಿಗಾಲಲ್ಲಿ ನಿಂತು, “ಅಂಕಲ್, ಇನ್ನೊಂದು ಕೇಸರಿಬಾತ್” ಎಂದ.

“ಟೋಕನ್ ತಗೊಂಡ್ ಬಾ ಪುಟ್ಟಾ.”

ಗಲ್ಲಾಕ್ಕೆ ಓಡಿದ. “ಅಂಕಲ್, ಟೋಕನ್.”

“ದುಡ್ಡು?”

“ಅಮ್ಮನ ಹತ್ರ ಇದೆ.”

“ಹಂಗಾದ್ರೆ ಅಮ್ಮನ್ನೇ ಕರ್ಕೊಂಡ್ ಬಾ.”

ನಾನು ಪರ್ಸ್ ತೆಗೆಯುತ್ತಾ ಹೋಗುವಷ್ಟರಲ್ಲಿ ಟೋಕನ್ ಹರಿದು ಅವನ ಕೈಗೆ ಕೊಟ್ಟಾಗಿತ್ತು. ಎರಡು ಪ್ಲೇಟಿನದು. ಒಂದು ಅಕ್ಕನಿಗಂತೆ. ಅಕ್ಕ ಆಚೆ ಬದಿಯಿಂದ, “ನಂಗೆ ಗೋಡಂಬಿ ಮಾತ್ರ” ಎಂದು ಕೂಗಿದಳು.